ಬುದ್ಧಿಯವರ ಕೊರಳ ಹೂವು

ಚಳ್ಳಕೆರೆಯ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಶಿವರಂಜನಿಗೆ ಆ ಹೂವಿನ ಮೇಲೆ ಮೊದಲಿನಿಂದಲೂ ಅನುಮಾನ. ಹೂವನ್ನು ಅವಳು ಕಣ್ಣಾರೆ ಕಂಡಿರಲಿಲ್ಲ. ಕಂಡೆವೆಂದು ಹೇಳಿಕೊಳ್ಳುವವರು ಮಾತ್ರ ಊರ ತುಂಬ ಇದ್ದರು.

ಸಂಗತಿ ಇಷ್ಟೆ. ‘ಹಗೇವಿನ ದೀಪ’ ಎಂಬ ಕಾದಂಬರಿಯನ್ನು ಊರಿನ ಪ್ರೆಸ್ಸಿನ ವೀರೇಶ್ ಅಚ್ಚು ಹಾಕಿದ್ದ. ಕಾಳು ತುಂಬಿಡುವ ನೆಲದಡಿಯ ಹಗೇವಿಗೆ ಇಳಿದ ಹುಡುಗಿಯೊಬ್ಬಳು ಅಲ್ಲಿ ಸತ್ತ ಮುತ್ತಜ್ಜಿಯೊಡನೆ ಮಾತಾಡುತ್ತಾಳೆ, ಅವಳಿಂದ ಮಂತ್ರ ಕಲಿಯುತ್ತಾಳೆ, ಊರನ್ನು ಹೆದರಿಸುತ್ತಿದ್ದ ಮಾಟಗಾರನನ್ನು ಅದೇ ಮಂತ್ರದಿಂದ ಎದುರಿಸುತ್ತಾಳೆ. ಮೊದಲ ಮುದ್ರಣ ಪ್ರೆಸ್ಸಿನ ಮೂಲೆಯಲ್ಲಿ ಧೂಳು ತಿನ್ನುತ್ತಾ ಬಿದ್ದಿತ್ತು. ಎರಡನೆಯ ಮುದ್ರಣದ ಹಿಂಬದಿಯಲ್ಲಿ ‘ಪೂಜ್ಯ ಬುದ್ಧಿಯವರು ಹೂವಿನ ಅಪ್ಪಣೆ ಕೊಟ್ಟು ಹರಸಿದ ಕಾದಂಬರಿ’ ಎಂಬ ಸಾಲು ಬಂದು ಕೂತದ್ದೇ ತಡ, ಪುಸ್ತಕ ಎಣ್ಣೆ ಗಿರಣಿಯ ಗುಮಾಸ್ತರ ಮೇಜಿನಿಂದ ಹಿಡಿದು ಶಾಲೆಯ ಬೀರುವಿನ ತನಕ ಎಲ್ಲಾ ಕಡೆ ಹೊಕ್ಕಿತು. ಮೊಳಕಾಲ್ಮೂರು ಕಡೆಯ ಮಠದ ಹಿರಿಯ ಸ್ವಾಮಿಗಳನ್ನು ಸುತ್ತಿನವರೆಲ್ಲ ಬುದ್ಧಿಯವರು ಎಂದೇ ಕರೆಯುತ್ತಿದ್ದರು. ಅವರು ಹರಸಿದ್ದಾರೆಂದ ಮೇಲೆ ಬೇಡವೆನ್ನುವ ಎದೆ ಯಾರಿಗಿದೆ?

ಹೂವಿನ ಅಪ್ಪಣೆ ಈ ಸೀಮೆಗೆ ಹೊಸದಲ್ಲ. ಹೆಣ್ಣು ಕೊಡುವ ಮೊದಲು, ಬೋರು ಕೊರೆಸುವ ಮೊದಲು ಜನ ದೇವಿಯ ಎದುರು ಕೂತು ಕೇಳುತ್ತಾರೆ. ಮೂರ್ತಿಯ ಬಲಗಡೆಯಿಂದ ಹೂವು ಉದುರಿತೋ, ಆಗಲಿ ಎಂದ ಹಾಗೆ. ಆದರೆ ಉಸಿರಾಡುವ ಮನುಷ್ಯನೊಬ್ಬ ಹಾಗೆ ಅಪ್ಪಣೆ ಕೊಟ್ಟದ್ದನ್ನು ಶಿವರಂಜನಿ ಎಲ್ಲೂ ಕೇಳಿರಲಿಲ್ಲ.

ಆ ಅನುಮಾನ ಅನುಮಾನವಾಗಿಯೇ ಉಳಿಯುತ್ತಿತ್ತೋ ಏನೋ. ಅಷ್ಟರಲ್ಲಿ ಒಂಬತ್ತನೆಯ ತರಗತಿಯ ನಿರ್ಮಲಾ ಶಾಲೆಗೆ ಬರುವುದನ್ನೇ ನಿಲ್ಲಿಸಿದಳು. ಕಾರಣ ಕೇಳಲು ಶಿವರಂಜನಿ ಗೌರಸಮುದ್ರದ ದಾರಿಯ ಅವಳ ಹಳ್ಳಿಗೇ ಹೋದಳು. ನಡುಮನೆಯಲ್ಲಿ ಹುಡುಗಿ ಮಂಡಿಗೆ ಗಲ್ಲ ಊರಿ ಕೂತಿದ್ದಳು. ಕೈಗೊಂದು, ಕೊರಳಿಗೊಂದು ಕಪ್ಪು ದಾರ.

“ದನ ಕಟ್ಟೋ ಗ್ವಾದ್ಲಿ ಹಿಂದೆ ಕುಂತು ಅದೇನೋ ಮಂತ್ರ ಪಿಸುಗುಡ್ತಿದ್ಲು ಕಣಮ್ಮಾ,” ಎಂದಳು ಅವಳ ಅಜ್ಜಿ ಸೂರಮ್ಮ. “ಕಣ್ಣು ಮುಚ್ಕಂಡಿದ್ಲು. ನನ್ನೆದೆ ಝಲ್ ಅಂತು. ನೀವು ಕೊಟ್ಟ ಆ ಪುಸ್ತಕದ್ದೇ ಎಲ್ಲಾ.”

ಅಪ್ಪ ಬೊಮ್ಮಲಿಂಗಪ್ಪ ಪುಸ್ತಕವನ್ನು ಟ್ರಂಕಿಗೆ ಹಾಕಿ ಬೀಗ ಜಡಿದಿದ್ದ. “ನೋಡ್ರಿ ಅಮ್ಮಾರೆ, ಬುದ್ಧಿಯೋರು ಇದನ್ನ ಒಪ್ಪವ್ರೆ ಅಂತ ಜನ ಅಂತಾರೆ. ದಿಟ ಆದ್ರೆ ನಾಳೇನೆ ಇವಳನ್ನ ಇಸ್ಕೂಲಿಗೆ ಕಳಿಸ್ತೀನಿ. ಸುಳ್ಳಾದ್ರೆ ಪುಸ್ತಕ ಒಲೆಗೆ, ಇವಳು ಹೊಲಕ್ಕೆ. ನನ್ನ ತಂಗಿ ಮಗ ಅವ್ನೆ, ಮುಂದಿಂದು ನಾನು ನೋಡ್ಕಂತೀನಿ.”

ನಿರ್ಮಲಾ ತಲೆ ಎತ್ತಲಿಲ್ಲ. ಮಂಡಿಗೆ ಒತ್ತಿದ್ದ ಗಲ್ಲವನ್ನು ಇನ್ನಷ್ಟು ಒತ್ತಿದಳು.

ಶಿವರಂಜನಿ ಮಾರನೆಯ ದಿನ ಪ್ರೆಸ್ಸಿಗೆ ನುಗ್ಗಿದಳು. ವೀರೇಶ್ ಲಗ್ನಪತ್ರಿಕೆಯೊಂದರ ಕರಡು ತಿದ್ದುತ್ತಿದ್ದ.

“ಹೂವು ಬಿದ್ದಿದ್ದು ನೀನೇ ನೋಡಿದ್ಯಾ?”

“ನೋಡ್ದೆ ಅಚ್ಚು ಹಾಕ್ತೀನೇನಕ್ಕ? ಪಾದಪೂಜೆ ನಡೀತಿತ್ತು. ಪುಸ್ತಕ ಮುಂದಿಟ್ಟೆ. ಬುದ್ಧಿಯೋರ ಕೊರಳ ಹಾರದ ಬಲಗಡೆಯಿಂದ ಪಟ್ ಅಂತ ಬಿತ್ತು, ಬಿಳೀ ಸೇವಂತಿಗೆ. ಅಪ್ಪಣೆ ಆತು, ಅಪ್ಪಣೆ ಆತು ಅಂತ ಜನವೇ ಕೂಗಿದ್ದು. ನಾನು ತುಟಿ ಬಿಚ್ಚಿದ್ರೆ ಕೇಳು.”

“ಬುದ್ಧಿಯವರು ಏನಂದ್ರು?”

ವೀರೇಶ್ ಕರಡಿನ ಕಡೆ ತಿರುಗಿದ. “ಅವರೇನಂತಾರೆ? ಸುಮ್ನಿದ್ರು.”

ಅದೇ ಪಾದಪೂಜೆಗೆ ಹೋಗಿದ್ದ ಹೆಡ್‌ಮಾಸ್ಟರು ಮುರುಗೇಂದ್ರಪ್ಪನವರ ಕತೆ ಬೇರೆಯೇ ಇತ್ತು. ಅವರ ಪ್ರಕಾರ ಹೂವು ಕೆಂಪು ಕಣಗಿಲೆ. ಅದು ಬಿದ್ದದ್ದೇ ಅಲ್ಲ. ಬುದ್ಧಿಯವರು ತಮ್ಮ ಕೈಯಾರೆ ಎತ್ತಿ ಇಟ್ಟದ್ದು. ಬಣ್ಣ ಬದಲಾಗಿದೆ, ಕೈ ಸೇರಿಕೊಂಡಿದೆ, ಇನ್ನು ಸ್ವಲ್ಪ ದಿನ ಬಿಟ್ಟರೆ ಹೂವಿಗೆ ಮಾತೂ ಬರುತ್ತದೆ ಎಂದುಕೊಂಡಳು ಶಿವರಂಜನಿ.

“ಮಠಕ್ಕೇ ಹೋಗಿ ಕೇಳಿಬಿಡ್ತೀನಿ ಸಾರ್.”

“ಕೇಳೋಕೆ ಹೋಗಬೇಡಿ,” ಎಂದರು ಹೆಡ್‌ಮಾಸ್ಟರು, ದನಿ ತಗ್ಗಿಸಿ. “ಕೇಳಿದ್ರೆ ಇಲ್ಲ ಅನ್ನಬಹುದು. ಕೇಳದಿದ್ರೆ ಹೌದು ಅಂತಲೇ ಇರುತ್ತೆ. ಹುಡುಗಿಗೂ ಅದೇ ಒಳ್ಳೇದಲ್ವಾ?”

ಅದು ಸುಳ್ಳಲ್ಲ. ಅಲ್ಲೇ ಇತ್ತು ಕೀಲು. ಅನುಮಾನ ನಿಜವಾದರೆ ನಿರ್ಮಲಾ ಹೊಲಕ್ಕೆ. ಅನುಮಾನವನ್ನು ನುಂಗಿಕೊಂಡರೆ ಶಾಲೆಗೆ. ನುಂಗಿಕೊಳ್ಳಬೇಕೆಂದೇ ಶಿವರಂಜನಿ ತೀರ್ಮಾನಿಸಿದ್ದಳು. ಆದರೆ ಬೊಮ್ಮಲಿಂಗಪ್ಪ ಕಂಡವರ ಮಾತು ನಂಬುವ ಆಸಾಮಿಯಲ್ಲ. ಸೋಮವಾರ ಬೆಳಿಗ್ಗೆ ಮಗಳನ್ನು ಕರೆದುಕೊಂಡು, ಪುಸ್ತಕ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತು, “ಬರ್ರಿ ಅಮ್ಮಾರೆ, ನಡೀರಿ ಮಠಕ್ಕೆ. ಪುಸ್ತಕ ಕೊಟ್ಟೋರು ನೀವು, ಕೇಳೋರೂ ನೀವೇ,” ಎಂದು ಹೇಳಿಕಳಿಸಿದ.

ಬಸ್ಸು ತಳಕು ದಾಟಿ ಮುಂದೆ ಹೋದಂತೆ ಮಾತಿನ ನಡುವೆ ತೆಲುಗು ಬೆರೆಯತೊಡಗಿತು. ಹಿಂದಿನ ಸೀಟಿನಲ್ಲಿ ಯಾರೋ ಅದೇ ಪುಸ್ತಕದ ಸುದ್ದಿ ಎತ್ತಿದರು. ಒಬ್ಬ, ಬುದ್ಧಿಯವರು ಅದನ್ನು ರಾತ್ರಿ ಪೂರ್ತಿ ಓದಿ ಕಣ್ಣೀರು ಹಾಕಿದರೆಂದ. ಇನ್ನೊಬ್ಬ, “ಅಬದ್ಧಮು! ನೆಲಕ್ಕೆ ಎಸೆದ್ರಂತೆ ಕಣೋ ಲೇ,” ಎಂದ. ಇಬ್ಬರೂ ಎದುರಿಗೆ ನಿಂತು ನೋಡಿದವರ ಹಾಗೆಯೇ ಹೇಳುತ್ತಿದ್ದರು. ಶಿವರಂಜನಿ ತಿರುಗಿ ಇಬ್ಬರ ಮುಖವನ್ನೂ ನೋಡಿದಳು. ಯಾವುದರಲ್ಲೂ ಸುಳ್ಳಿನ ಗುರುತು ಇರಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು.

ಮಠದ ಪಡಸಾಲೆಯಲ್ಲಿ ಮರಿಸ್ವಾಮಿಯೊಬ್ಬ ಅವರ ಕೈಯಲ್ಲಿದ್ದ ಪುಸ್ತಕ ಕಂಡು ಹುಬ್ಬು ಗಂಟಿಕ್ಕಿದ. “ಇದರ ಮಾತು ಎತ್ತಬ್ಯಾಡ್ರಿ. ನಿನ್ನೆ ಮಠದ ಕಮಿಟಿಯೋರು ಬಂದು ಬಾಗಿಲು ಹಾಕ್ಕೊಂಡು ಮಾತಾಡಿ ಹೋದ್ರು.”

ಬಾಗಿಲು ಹಾಕಿಕೊಂಡು ಏನು ಮಾತಾಡಿದರು? ಇನ್ನು ಬುದ್ಧಿಯವರು ಹೌದೆಂದರೂ ನಂಬುವ ಹಾಗಿಲ್ಲ, ಇಲ್ಲವೆಂದರೂ ನಂಬುವ ಹಾಗಿಲ್ಲ ಎನಿಸಿತು ಶಿವರಂಜನಿಗೆ.

ಬುದ್ಧಿಯವರು ತೀರಾ ವಯಸ್ಸಾದವರು. ಕೊರಳಲ್ಲಿ ಯಾರೋ ಭಕ್ತರು ಹಾಕಿದ ಗೇಣು ದಪ್ಪದ ಹಾರ. ಸಾಲಿನಲ್ಲಿ ಸರದಿ ಬಂದಾಗ ಬೊಮ್ಮಲಿಂಗಪ್ಪ ಅಡ್ಡಬಿದ್ದು, ಎದ್ದು, ನಾಲಿಗೆ ಹೊರಳದೆ ಶಿವರಂಜನಿಯ ಮುಖ ನೋಡಿದ.

“ಬುದ್ಧಿ, ಈ ಪುಸ್ತಕಕ್ಕೆ ತಾವು ಹೂವಿನ ಅಪ್ಪಣೆ ಕೊಟ್ಟದ್ದು ನಿಜವೇ?” ಎಂದಳು ಅವಳು.

ಬುದ್ಧಿಯವರು ಪುಸ್ತಕ ತಿರುಗಿಸಿ, ಕಣ್ಣಿಗೆ ತೀರ ಹತ್ತಿರ ಹಿಡಿದು ಆ ಸಾಲನ್ನು ಓದಿಕೊಂಡರು. ನಕ್ಕರು. ನಗು ಕೆಮ್ಮಿಗೆ ತಿರುಗಿತು.

“ಹೂವಿನ ಅಪ್ಪಣೆ ಕೊಡಾಕೆ ನಾವೇನು ಗೌರಸಮುದ್ರದ ಮಾರಮ್ಮನೇನಪ್ಪಾ? ಗುಡಿಯಾಗಿನ ಮೂರ್ತಿ ಅಲ್ಲಾಡಲ್ಲ, ಅದ್ಕೆ ಹೂ ಬಿದ್ರೆ ನೀವು ಕೈ ಮುಗಿತೀರಿ. ನಾವು ಕೆಮ್ತೀವಿ, ಸೀನ್ತೀವಿ, ಕುಂತಲ್ಲೇ ತೂಕಡಿಸ್ತೀವಿ. ಹಾರದಾಗಿನ ಹೂ ಉದುರ್ದೆ ಏನು ಮಾಡ್ತಾವೆ?”

ಸಾಲಿನಲ್ಲಿದ್ದವರು ನಗಬೇಕೋ ಬೇಡವೋ ತಿಳಿಯದೆ ನಿಂತರು. ಬೊಮ್ಮಲಿಂಗಪ್ಪನ ಮುಖ ಕಪ್ಪಿಟ್ಟಿತು. “ಹಂಗಾರೆ ಇದು ಕೆಟ್ಟ ಪುಸ್ತಕನಾ ಬುದ್ಧಿ? ಇವಳು ಇದರಾಗಿನ ಮಂತ್ರ ಹೇಳ್ತಾಳೆ.”

“ನಾವು ಓದಿಲ್ಲ. ನೀನು ಓದಿದೀಯಾ?”

“ನಂಗೆ ಓದಾಕೆ ಬರಲ್ಲ.”

“ಮತ್ತೆ ಓದಿದೋರು ಯಾರು? ಇವಳೊಬ್ಬಳೇನಾ? ಬಾ ತಾಯಿ, ಏನು ಮಂತ್ರ ಅದು?”

ನಿರ್ಮಲಾ ಲಂಗದ ಅಂಚು ಹಿಂಡುತ್ತಾ ನಿಂತಳು. “ಪುಸ್ತಕದಾಗೆ ಮಂತ್ರನೇ ಇಲ್ಲ ಬುದ್ಧಿ. ಹಗೇವಿಗೆ ಇಳಿದ ಹುಡುಗಿ ಮಂತ್ರ ಹೇಳೋ ಕಡೆ ಬರೀ ಚುಕ್ಕಿ ಇಟ್ಟವ್ರೆ. ಅಲ್ಲಿಗೆ ನಾನೇ ಒಂದು ಹಾಕ್ಕಂಡೆ. ನಮ್ಮಜ್ಜಿ ದಿಷ್ಟಿ ತೆಗಿವಾಗ ಅಂತಾಳಲ್ಲ, ಅದು.”

ಉಪ್ಪು, ಮೆಣಸಿನಕಾಯಿ ಹಿಡಿದು ಸೂರಮ್ಮ ದಿನಾ ಸಂಜೆ ಗಟ್ಟಿಯಾಗಿ ಹೇಳುವ ಮಾತೇ ಮೊಮ್ಮಗಳ ಬಾಯಲ್ಲಿ ಪಿಸುಮಾತಾದಾಗ ಸೂರಮ್ಮನಿಗೇ ಗುರುತು ಹತ್ತಿರಲಿಲ್ಲ.

“ಆ ಹುಡುಗಿ ಹಗೇವಿಂದ ಮ್ಯಾಕೆ ಬಂದ್ಲಾ ಕೊನೇಗೆ?” ಬುದ್ಧಿಯವರು ಕೇಳಿದರು.

“ಗೊತ್ತಿಲ್ಲ ಬುದ್ಧಿ. ಅಷ್ಟರಾಗೆ ಅಪ್ಪ ಬೀಗ ಹಾಕಿದ.”

“ಓದಿ ಬಂದು ಹೇಳು ಮತ್ತೆ. ನಮ್ಮ ಕಣ್ಣು ಮಂಜಾಗ್ಯಾವೆ,” ಎಂದು ಅವರು ಮುಂದಿನವರ ಕಡೆ ಕೈ ಚಾಚಿದರು.

ಅಂಗಳಕ್ಕೆ ಬರುವಷ್ಟರಲ್ಲಿ ಬೊಮ್ಮಲಿಂಗಪ್ಪ ಬೇರೆಯೇ ಮನುಷ್ಯನಾಗಿದ್ದ. “ಕೇಳಿದ್ರಾ ಅಮ್ಮಾರೆ? ಓದು ಅಂತ ಅಪ್ಪಣೆ ಆತು!”

“ಹೂವಿಂದು ಸುಳ್ಳು ಅಂದ್ರಲ್ಲ, ಅದನ್ನ ಕೇಳಿದ್ರಾ?”

“ಅದು ನಾಕು ಜನದ ಮುಂದೆ ಆಡೋ ಮಾತು. ಕಮಿಟಿಯೋರು ಕಟ್ಟು ಹಾಕಿಲ್ವಾ? ದೊಡ್ಡೋರು ಬಾಯಾಗೆ ಅಲ್ಲ ಅಂತಾರೆ, ಒಳಗೆ ಹ್ಞೂಂ ಅಂತಾರೆ.”

ಅವರು ಕೊಟ್ಟದ್ದು ಅಪ್ಪಣೆಯಲ್ಲ, ಕತೆಯ ಕೊನೆ ತಿಳಿಯುವ ಆಸೆಯಷ್ಟೇ ಎಂದು ಹೇಳಲು ಶಿವರಂಜನಿ ಬಾಯಿ ತೆರೆದಳು. ಸೆರಗಿನ ಮರೆಯಲ್ಲಿ ನಿರ್ಮಲಾ ಅವಳ ಮುಂಗೈಯನ್ನು ಚಿವುಟಿದಳು, ಜೋರಾಗಿಯೇ. ಶಿವರಂಜನಿ ಬಾಯಿ ಮುಚ್ಚಿದಳು.

ಮಾರನೆಯ ದಿನ ನಿರ್ಮಲಾ ಎರಡು ಜಡೆ ಹಾಕಿಕೊಂಡು ತನ್ನ ಬೆಂಚಿಗೆ ಬಂದು ಕೂತಳು. ಅವಳಿಗಿಂತ ಮೊದಲೇ ಸುದ್ದಿ ಬಂದಿತ್ತು. ಬುದ್ಧಿಯವರು ಹುಡುಗಿಯ ತಲೆ ಮೇಲೆ ಪುಸ್ತಕವಿಟ್ಟು ಹರಸಿದರಂತೆ. ಪುಸ್ತಕದ ಹಿಂಬದಿಯ ಆ ಸಾಲನ್ನು ತೆಗೆಯಲೇಬೇಕೆಂದು ಶಿವರಂಜನಿ ಪ್ರೆಸ್ಸಿಗೆ ಹೋಗಿ ಪಟ್ಟು ಹಿಡಿದಳು. ವೀರೇಶ್ ಮಿಕಮಿಕ ನೋಡಿ, “ತೆಗೀತೀನಿ ಬಿಡಕ್ಕ. ಹುಡುಗಿಗೆ ಓದು ಅಂದ್ರಂತಲ್ಲ, ಅದನ್ನ ಹಾಕ್ತೀನಿ. ಅದೇನು ಸುಳ್ಳಾ?” ಎಂದ.

ಶಾಲೆಯ ಬೀರುವಿನಲ್ಲಿದ್ದ ಪ್ರತಿಗಳನ್ನಾದರೂ ಸರಿಪಡಿಸೋಣವೆಂದು ಅವಳು ಬಿಳಿ ಹಾಳೆ ಕತ್ತರಿಸಿ, ಗೋಂದು ಬಳಿದು, ಒಂದೊಂದರ ಹಿಂಬದಿಯ ಸಾಲನ್ನೂ ಮುಚ್ಚಿ ಅಂಟಿಸಿದಳು. ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ಹುಡುಗಿಯರು ಉಗುರಿನಿಂದ ಕೆರೆದು ಕೆರೆದು ಎಲ್ಲಾ ಹಾಳೆಗಳ ಮೂಲೆ ಎಬ್ಬಿಸಿದ್ದರು.

“ಮಿಸ್ಸೇ ಮುಚ್ಚವ್ರೆ ಅಂದ್ಮೇಲೆ ಒಳಗೆ ಏನೋ ದೊಡ್ಡದೇ ಐತೆ ಕಣೇ,” ಎನ್ನುತ್ತಿದ್ದಳು ಒಬ್ಬಳು.

ಅವರ ನಡುವೆ ನಿರ್ಮಲಾ ಯಾರ ಮಾತಿಗೂ ಕಿವಿಗೊಡದೆ, ಗೋಡೆಗೆ ಒರಗಿ, ಉಳಿದಿದ್ದ ಪುಟಗಳನ್ನು ಓದುತ್ತಿದ್ದಳು.