ಅಕ್ಕನ ಯಂತ್ರಕ್ಕೊಂದು ಚದುರಂಗ

ಜಡದೊಳಗೆ ಚೇತನವಾಗಿ, ಮೂಕರ ಎದೆಯೊಳಗೆ ಮಾತಾಗಿ ನೆಲೆಸಿರುವ ಪರಮಾತ್ಮನಿಗೆ ವಂದಿಸಿ ಈ ಕಥೆ ಆರಂಭವಾಗಲಿ.

ಪಾರ್ಶ್ವವಾಯು ಬಡಿದ ಮೇಲೆ ಅಕ್ಕನ ವಶದಲ್ಲಿ ಉಳಿದದ್ದು ಕಣ್ಣು, ರೆಪ್ಪೆ ಮಾತ್ರ. ಆಸ್ಪತ್ರೆಯವರು ಕೊಟ್ಟಿದ್ದ ಕಂಪ್ಯೂಟರು ಆ ರೆಪ್ಪೆಯ ಬಡಿತವನ್ನು ಗುರುತಿಸಿ ಪರದೆಯ ಮೇಲೆ ಅಕ್ಷರ ಮೂಡಿಸುತ್ತಿತ್ತು. ಅನ್ನಕ್ಕೆ, ನೀರಿಗೆ, ಮಗ್ಗುಲು ಬದಲಿಸುವುದಕ್ಕೆ ಪರರ ಕೈಯನ್ನೇ ಕಾಯಬೇಕಾಗಿದ್ದ ಆಕೆ ತಮ್ಮನನ್ನು ಬೇಡಿದ್ದು ಒಂದನ್ನೇ: "ಇದರಲ್ಲಿ ಚೆಸ್ ಹಾಕಿಕೊಡು."

ರೇಡಿಯೊ ರಿಪೇರಿ ಮಾಡುವ ಅವನು ಹಳೆಯ ಚದುರಂಗದ ಹಲಗೆಯನ್ನು ಮಂಚದ ಬಳಿ ಹರಡಿದ. "ನೀನು ಹೇಳ್ತಾ ಹೋಗಕ್ಕ, ಕಾಯಿ ನಾನು ನಡೆಸ್ತೀನಿ."

"ಬೇಡ. ನನ್ನ ಕಾಯಿ ನಾನೇ ನಡೆಸಬೇಕು."

ಆದರೆ ಆ ಯಂತ್ರದ ಜಾತಿಯೇ ಬೇರೆ. ಮನೆಮನೆಯ ಕಂಪ್ಯೂಟರುಗಳಲ್ಲಿ ಓಡುವ ಯಾವ ಆಟವೂ ಅದರಲ್ಲಿ ಓಡದು.

"ಇದರ ಹೆಸರನ್ನೇ ನಾನು ಕೇಳಿಲ್ಲ ಸ್ವಾಮಿ!" ಎಂದು, ತಮ್ಮ ವಿಚಾರಿಸಲು ಹೋದ ಕಂಪ್ಯೂಟರ್ ಅಂಗಡಿಯವನು ನಕ್ಕ. "ಬೇರೆ ಮಷೀನ್ ತಗೊಳ್ಳಿ, ಚೆಸ್ಸು ರಾಶಿ ರಾಶಿ ಸಿಗುತ್ತೆ."

"ಬೇರೆ ಮಷೀನಿಗೆ ನಮ್ಮಕ್ಕನ ಕಣ್ಣು ಅರ್ಥ ಆಗಲ್ಲಣ್ಣ."

ಅಂಗಡಿಯವನ ನಗು ಅಲ್ಲಿಗೇ ನಿಂತಿತು.

ಕಡೆಗೆ, ಯಾರೋ ಪುಣ್ಯಾತ್ಮರು ಯಾರು ಬೇಕಾದರೂ ತಿದ್ದಿಕೊಳ್ಳಲೆಂದು ಸೋರ್ಸ್ ಕೋಡ್ ಸಮೇತ ಲೋಕಕ್ಕೆ ಬಿಟ್ಟುಕೊಟ್ಟಿದ್ದ ಪುಟ್ಟ ಚೆಸ್ ಪ್ರೋಗ್ರಾಮೊಂದು ದೊರೆಯಿತು. ಅದನ್ನು ಈ ಯಂತ್ರಕ್ಕೆ ಒಗ್ಗಿಸಲು ಅವನು ತಲೆ ಚಚ್ಚಿಕೊಂಡ. ಬಣ್ಣದ ಮಣೆ ಮೂಡಲೇ ಇಲ್ಲ. ಕಾಯಿಗಳ ಬದಲು ಬರಿಯ ಅಕ್ಷರಗಳು ಸಾಲುಗಟ್ಟಿ ನಿಂತವು. ಅಕ್ಕನಿಗೆ ಅಷ್ಟೇ ಸಾಕಾಗಿತ್ತು.

ಸೋತರೆ ಆಕೆ ಕುಗ್ಗಿಹೋದಾಳೆಂಬ ಅಳುಕು ಮಾತ್ರ ತಮ್ಮನನ್ನು ಬಿಡಲಿಲ್ಲ. ಯಂತ್ರದ ಬುದ್ಧಿಯನ್ನು ಅವನು ಗುಟ್ಟಾಗಿ ತಗ್ಗಿಸಿಟ್ಟ. ಆಟ ಇನ್ನೂ ಕಾವೇರಿರಲಿಲ್ಲ, ಯಂತ್ರ ತನ್ನ ಮಂತ್ರಿಯನ್ನು ಅಕ್ಕನ ಕಾಲಾಳಿನ ಬಾಯಿಗೇ ತಂದೊಡ್ಡಿತು. ಆಕೆ ಅದನ್ನು ಹೊಡೆಯಲಿಲ್ಲ. ಕಣ್ಣು ಮುಚ್ಚಿದಳು. ಮತ್ತೆ ತೆರೆದಾಗ ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬಂದವು.

"ನಿನ್ನ ಕೆಲಸ ತಾನೆ ಇದು?"

"ನೀನು ಗೆಲ್ಲಲಿ ಅಂತ ಅಕ್ಕ..."

"ಉಣಿಸೋನು ನೀನು, ಬಾಯಿ ಒರೆಸೋನೂ ನೀನು. ಸೋಲಾದರೂ ನಂದಾಗಿರಲಿ ಕಣೋ, ಪೆದ್ದ."

ಅವನು ತಲೆತಗ್ಗಿಸಿ, ಯಂತ್ರಕ್ಕೆ ಅದರ ಪೂರ್ಣ ಬಲವನ್ನು ಮರಳಿ ಕೊಟ್ಟ. ಈ ಸಲ ಅದು ಕನಿಕರ ತೋರಲಿಲ್ಲ. ಅಕ್ಕ ಪಟ್ಟು ಬಿಡದೆ ಕಾದಾಡಿದಳು; ಆದರೂ ಸಂಜೆಯ ವೇಳೆಗೆ ಆಕೆಯ ರಾಜ ಮೂಲೆಗೆ ಬಿದ್ದು ಚೆಕ್‌ಮೇಟ್ ಆದ. ಅವನು ಪರದೆಯನ್ನೇ ನೋಡುತ್ತ ನಿಂತ.

"ಕುದುರೆ ಹೊರಡಿಸಿದ್ದು ತಡವಾಯ್ತು," ಎಂದಿತು ಪರದೆ. "ಇನ್ನೊಂದು ಆಟ ಹೂಡು."

ಈ ಕಥೆಗೆ ಕಿವಿಗೊಟ್ಟ ಸಕಲರಿಗೂ, ತಮ್ಮ ಪಾಲಿನ ನಡೆಯನ್ನು ತಾವೇ ನಡೆಯುವ ಭಾಗ್ಯವನ್ನು ಭಗವಂತ ಕೊನೆಯುಸಿರಿನವರೆಗೂ ಕರುಣಿಸಲಿ.