ಮಾರುತೇಶನ ಕರೆಂಟು

"ಅಂಗಿ ಎತ್ತಲೇ. ಹೊಸ ಮದುಮಗಳ ಹಂಗೆ ನಾಚ್ಕಂಡ್ರೆ ಫೋಟೋ ಹೆಂಗೆ ತೆಗೆಯಾದು?"

ವಿರೂಪಾಕ್ಷಪ್ಪ ಗೌಡ ಇಷ್ಟನ್ನೂ ಹೇಳಿದ್ದು ಮೈಕಿನಲ್ಲೇ. ಶಾಲೆಯ ಬಯಲಿನ ಶಾಮಿಯಾನದ ಕೆಳಗೆ ಕುರ್ಚಿ ಹಾಕಿಕೊಂಡು ಕೂತವರು ಗೊಳ್ಳೆಂದು ನಕ್ಕರು. ವೇದಿಕೆಯ ನಡುವೆ ನಿಂತಿದ್ದ ಮಾರುತೇಶ ತಲೆ ತಗ್ಗಿಸಿ ಅಂಗಿ ಎತ್ತಿದ. ಹೊಟ್ಟೆಯ ಚರ್ಮ ತೂರಿಕೊಂಡು ಹೊರಬಂದ ವೈರು, ಅದರ ಬುಡಕ್ಕೆ ಬೆಳಿಗ್ಗೆ ಭೀಮಕ್ಕ ಹಚ್ಚಿದ್ದ ಬಿಳಿ ಪಟ್ಟಿ, ಸೊಂಟದ ಚೀಲದ ಬ್ಯಾಟರಿಗಳು, ಎಲ್ಲವೂ ಊರಿಗೆ ಕಂಡವು. ದಾನಿಗಳು ಫೋನು ಹಿಡಿದು ಫೋಟೋ ತೆಗೆದುಕೊಂಡರು.

ಮೆಟ್ಟಿಲ ಬಳಿ ನಿಂತಿದ್ದ ಭೀಮಕ್ಕನಿಗೆ ಮೈಯೆಲ್ಲ ಉರಿಯಿತು. ಆ ಗಾಯಕ್ಕೆ ಧೂಳು ಹೊಕ್ಕು ಕೀವಾದರೆ ಅವನನ್ನು ಹೊತ್ತುಕೊಂಡು ದಾವಣಗೆರೆಗೆ ಓಡಬೇಕಾದವಳು ಅವಳು. ಊರಿನ ಆಶಾ ಕಾರ್ಯಕರ್ತೆ. ಮಾರುತೇಶ ಅವಳದೇ ಕೇರಿಯ ಹಮಾಲಿ. ಮೆಕ್ಕೆಜೋಳದ ಮೂಟೆ ಹೊತ್ತೂ ಹೊತ್ತೂ ಗುಂಡಿಗೆ ಸೋತು ಹೋದಾಗ ಗೌಡನ ಟ್ರಸ್ಟು ದಾನಿಗಳನ್ನು ಹಿಡಿದು ಎದೆಯೊಳಗೆ ಪಂಪು ಕೂರಿಸಿತ್ತು. ಕೂರಿಸಿದ ಮೇಲೆ ಟ್ರಸ್ಟಿನವರು ಈ ಕಡೆ ತಲೆ ಹಾಕಿದ್ದು ಇವತ್ತೇ. ಅವನ ಹೆಂಡತಿ ಚೈತ್ರಶ್ರೀ ಗೌಡನ ಹೊಲದಲ್ಲಿ ಕೂಲಿಗಿದ್ದಳು, ಇವತ್ತೂ ಅವಳನ್ನು ಬಿಟ್ಟಿರಲಿಲ್ಲ. ಹಾಗಾಗಿ ಪಟ್ಟಿ, ಮಾತ್ರೆ, ಬ್ಯಾಟರಿ ಎಲ್ಲ ಭೀಮಕ್ಕನ ತಲೆಗೇ ಬಿದ್ದಿತ್ತು.

ಗೌಡ ದಾನಿಯೊಬ್ಬರ ಕೈ ಹಿಡಿದು ಮಾರುತೇಶನ ಮಣಿಕಟ್ಟಿನ ಮೇಲಿಟ್ಟ.

"ನಾಡಿ ಹುಡುಕ್ರಿ ಸಾರ್, ಸಿಗಲ್ಲ. ಇವ ಬದುಕಿರೋ ಹೆಣ. ನಮ್ಮ ಟ್ರಸ್ಟ್ ಇಲ್ದಿದ್ರೆ ಬರೀ ಹೆಣ."

ಪಂಪು ರಕ್ತವನ್ನು ಬಿಡುವಿಲ್ಲದೆ ನೂಕುವುದರಿಂದ ನಾಡಿ ಬಡಿಯುವುದಿಲ್ಲ ಎಂದು ಆಸ್ಪತ್ರೆಯವರು ಭೀಮಕ್ಕನಿಗೆ ಕಲಿಸಿದ್ದರು. ಅದನ್ನು ಇಲ್ಲಿ ಯಾರಿಗೆ ಹೇಳುವುದು? ಜನ ಚಪ್ಪಾಳೆ ತಟ್ಟಿದರು.

ಅವಳ ಜೀವವೆಲ್ಲ ಪಂಪು ಓಡಿಸುವ ಬ್ಯಾಟರಿಯ ಮೇಲಿತ್ತು. ಕೇರಿಗೆ ಕರೆಂಟು ಕೊಡುವ ಟಿಸಿ ಸುಟ್ಟು ನಾಲ್ಕು ದಿನವಾಗಿತ್ತು. ಕೇಳಿದರೆ, ಗೌಡರ ಬೋರಿನ ಲೈನು ಮುಗಿಯಲಿ ಎಂದಿದ್ದ ಲೈನ್‌ಮನ್. ಭೀಮಕ್ಕ ದಿನಾ ಒಂದು ಜೊತೆ ಬ್ಯಾಟರಿಯನ್ನು ಅವನ ಸೊಂಟಕ್ಕೆ ಬಿಟ್ಟು, ಇನ್ನೊಂದು ಜೊತೆ ಹಿಡಿದು ಬಸ್ಸು ಹತ್ತಿ ಜಗಳೂರಿಗೆ ಹೋಗಿ, ಮೊಬೈಲ್ ಅಂಗಡಿಯೊಂದರಲ್ಲಿ ಕಾದು ಕೂತು ಚಾರ್ಜು ಮಾಡಿಸಿ ತರುತ್ತಿದ್ದಳು. ಇವತ್ತು ಅದಕ್ಕೂ ಬಿಡದೆ ಬೆಳಿಗ್ಗೆ ಏಳಕ್ಕೇ ಕರೆದೊಯ್ಯಲು ಟ್ರಸ್ಟಿನ ಕಾರು ಬಂತು. ಹತ್ತು ಗಂಟೆಯ ಕಾರ್ಯಕ್ರಮಕ್ಕೆ ದಾನಿಗಳು ಬಂದದ್ದು ಎರಡಕ್ಕೆ. ಜನರೇಟರಿನ ಕರೆಂಟೆಲ್ಲ ಮೈಕಿಗೆ, ಕೂಲರಿಗೆ. ಒಂದು ಪ್ಲಗ್ಗು ಬಿಡಿ ಎಂದು ಅವಳು ಎರಡು ಸಲ ಕೇಳಿದ್ದಳು. ಕೇರಿಯ ಸಾಮಾನು ಫೋಟೋದಲ್ಲಿ ಬರುತ್ತದೆ, ಭಾಷಣ ಮುಗಿಯಲಿ ಎಂದು ಗೌಡ ಗದರಿ ಕಳಿಸಿದ್ದ.

ಭಾಷಣ ಮುಗಿಯಲಿಲ್ಲ. ಬ್ಯಾಟರಿ ಮುಗಿಯುತ್ತ ಬಂದು, ಮಾರುತೇಶನ ಸೊಂಟದ ಯಂತ್ರ ಕೆಂಪು ದೀಪ ಹತ್ತಿಸಿ ಕೀಂಯೆಂದು ಕೂಗತೊಡಗಿತು. ಅವನ ಹಣೆಯಲ್ಲಿ ಬೆವರೊಡೆಯಿತು. ಗೌಡ ಮೈಕಿಗೆ ಕೈ ಅಡ್ಡ ಹಿಡಿದು ಭೀಮಕ್ಕನ ಕಡೆ ತಿರುಗಿದ.

"ಅದರ ಬಾಯಿ ಮುಚ್ಚಿಸೇ ಲೌಡಿ."

ಭೀಮಕ್ಕ ವೇದಿಕೆ ಹತ್ತಿದಳು. ಮೈಕಿನ ಪ್ಲಗ್ಗು ಕಿತ್ತೆಸೆದಳು. ತನ್ನ ಚೀಲದಿಂದ, ಬ್ಯಾಟರಿಯಿಲ್ಲದೆ ಪಂಪಿಗೆ ನೇರ ಕರೆಂಟು ಕೊಡುವ ಡಬ್ಬಿ ತೆಗೆದು ಅಲ್ಲಿಗೇ ಸಿಕ್ಕಿಸಿದಳು. ಬ್ಯಾಟರಿಗಳ ಎರಡೂ ವೈರು ಒಟ್ಟಿಗೆ ಬಿಚ್ಚಿದರೆ ಪಂಪು ನಿಲ್ಲುತ್ತದೆ. ಅವಳು ಒಂದು ಬಿಚ್ಚಿ ಡಬ್ಬಿಗೆ ಜೋಡಿಸಿ, ಆಮೇಲೆ ಇನ್ನೊಂದನ್ನೂ ಹಾಗೇ ಬಿಚ್ಚಿ ಜೋಡಿಸಿದಳು. ಕೂಗು ನಿಂತಿತು. ಪ್ಲಗ್ಗಿನ ಬೋರ್ಡಿಗೆ ಹತ್ತಿರವಿದ್ದದ್ದು ಟವೆಲ್ಲು ಹೊದಿಸಿದ ಗೌಡನ ಕುರ್ಚಿ. ಮಾರುತೇಶನನ್ನು ಅದರಲ್ಲೇ ಕೂರಿಸಿದಳು.

"ಯಾರ ಕುರ್ಚಿ ಅದು? ಎಬ್ಬಿಸೇ ಆ ಬೋಳಿಮಗನ್ನ. ಲೇ ವಿನೋದ, ಜನರೇಟರ್ ಆಫ್ ಮಾಡಲೇ."

ಮೈಕಿಲ್ಲದ ಗೌಡನ ದನಿ ಮೂರನೇ ಸಾಲಿಗೂ ಮುಟ್ಟಲಿಲ್ಲ. ವೇದಿಕೆಯ ಪಕ್ಕದಲ್ಲೇ ಜನರೇಟರಿನ ಬಳಿ ನಿಂತಿದ್ದ ಬಾಡಿಗೆಯ ಹುಡುಗ ವಿನೋದ ಮಾತ್ರ ಕೇಳಿಸಿಕೊಂಡು ಸ್ವಿಚ್ಚಿನ ಮೇಲೆ ಕೈಯಿಟ್ಟ.

"ಅವನಿಗ್ಯಾಕೆ ಹೇಳ್ತೀರಿ ಗೌಡ್ರೆ," ಎಂದು ಕೊನೇ ಸಾಲಿಗೂ ಕೇಳುವಂತೆ ಕೂಗಿದಳು ಭೀಮಕ್ಕ. "ಕೊಲ್ಲಾಕೆ ಕೂಲಿಯೋನು ಯಾಕೆ? ನೀವೇ ಹೋಗಿ ಆಫ್ ಮಾಡ್ರಿ. ದಾನ ಕೊಟ್ಟೋರು ನೋಡ್ಲಿ."

ಗೌಡ ಎರಡು ಮೆಟ್ಟಿಲು ಇಳಿದ. ಕುರ್ಚಿಗಳ ಹಿಂದೆ, ನೆಲದ ಮೇಲೆ ಕೂತಿದ್ದ ಕೇರಿಯವರು ಎದ್ದರು. ಒಬ್ಬೊಬ್ಬರಾಗಿ ಬಂದು ಜನರೇಟರಿನ ಸುತ್ತ, ಆ ಹೊಗೆಯಲ್ಲೇ ನಿಂತರು. ಗೌಡ ಮೂರನೇ ಮೆಟ್ಟಿಲು ಇಳಿಯಲಿಲ್ಲ. ವಿನೋದ ಸ್ವಿಚ್ಚಿನಿಂದ ಕೈ ತೆಗೆದು ಟ್ಯಾಂಕಿನ ಮುಚ್ಚಳ ತಿರುಗಿಸಿ ಇಣುಕಿದ.

"ಡೀಸೆಲ್ ಇನ್ನರ್ಧ ಗಂಟೆ ಬರಬಹುದು ಅಕ್ಕ, ಅಷ್ಟೇ."

ಭೀಮಕ್ಕ ಶಾಲೆಯ ಗೇಟಿನ ಕಡೆ ನೋಡಿದಳು. ಬೇವಿನ ನೆರಳಿನಲ್ಲಿ ಗೌಡನ ಬಿಳಿ ಜೀಪು ನಿಂತಿತ್ತು.

"ಅದರ ಟ್ಯಾಂಕಿನಾಗೆ ಐತೆ. ಪೈಪ್ ಹಾಕಿ ಎಳಕಾ," ಎಂದಳು.

ಗೌಡ ಏನೋ ಕೂಗಿದ. ಕೇರಿಯ ನಾಲ್ವರು ಆಗಲೇ ಜೀಪಿನ ಕಡೆ ನಡೆದಿದ್ದರು. ವಿನೋದ ಪೈಪು, ಕ್ಯಾನು ಎತ್ತಿಕೊಂಡು ಅವರ ಹಿಂದೆ ಹೊರಟ.