ಅಕ್ಕನ ಸಾಲು ಎದ್ದ ದಿನ

ಆ ಆಲೂಗಡ್ಡೆ ಕೋಲ್ಡ್ ಸ್ಟೋರೇಜಿನಲ್ಲಿ ಅಕ್ಕನ ಸಾಲೆಂದರೆ ದೊಡ್ಡ ಹೆಸರು. ಎದುರಿನ ಗುಡ್ಡೆಯಲ್ಲಿ ಒಳ್ಳೆಯ ಗಡ್ಡೆ, ಕೊಳೆತ ಗಡ್ಡೆ ಬೇರೆಬೇರೆ ಆರಿಸಿ ಮುಗಿಸುವವರೆಗೆ ಅವಳ ಸಾಲಿನ ಹೆಂಗಸರು ಜಪ್ಪಯ್ಯ ಅಂದರೂ ಏಳುವವರಲ್ಲ. ಮಾಲೀಕರು ಹೇಳಿಕೊಟ್ಟದ್ದಲ್ಲ ಇದು, ಅಕ್ಕನದೇ ಹಟ. ನೀರಿಗೆಂದು ಏಳುವ ಪಕ್ಕದ ಸಾಲಿನವರನ್ನು ಕಂಡರೆ ಮೂಗು ಮುರಿಯುತ್ತಿದ್ದಳು.

ಆ ವರ್ಷದ ಬಿಸಿಲಿಗೆ ಹಳಬರೂ ಹೌಹಾರಿದ್ದರು. ಮಾಲೀಕರ ಕೋಣೆಗೆ ಎ.ಸಿ., ಆಲೂಗಡ್ಡೆಗೆ ದಪ್ಪ ಬಾಗಿಲಿನ ತಂಪು ಕೋಣೆ, ಆರಿಸುವ ಹೆಂಗಸರಿಗೆ ತಗಡಿನ ಚಪ್ಪರ. ಬಿಸಿಲು ಎಲ್ಲರಿಗೂ ಒಂದೇ ಎನ್ನುವವರನ್ನು ತಂದು ಆ ತಗಡಿನ ಕೆಳಗೆ ಅರ್ಧ ದಿನ ಕೂರಿಸಬೇಕು.

ಅಕ್ಕನ ಪಕ್ಕದಲ್ಲೇ ಅವಳ ತಂಗಿ, ತುಂಬು ಬಸುರಿ. ಬೆಳಗಿನಿಂದ ಬೆವರಿ ತೊಯ್ದಿದ್ದವಳು ಮಧ್ಯಾಹ್ನ ಕೊಳೆತ ಗಡ್ಡೆಯನ್ನು ಒಳ್ಳೆಯ ಬುಟ್ಟಿಗೆ ಹಾಕಿದಳು. ಗದರಲು ಹೋದ ಅಕ್ಕ ಅವಳ ತೋಳು ಹಿಡಿದಳು. ಬೆವರಿನ ಹನಿಯೂ ಇಲ್ಲ, ಮೈ ಕೆಂಡದಂತೆ ಸುಡುತ್ತಿತ್ತು.

"ಏನಾಯ್ತೇ?"

"ಏನಿಲ್ಲ ಅಕ್ಕ. ಗುಡ್ಡೆ ಇನ್ನೊಂದಿಷ್ಟಿದೆ, ಮುಗಿಸ್ಬಿಡ್ತೀನಿ."

ಪ್ರಾಣ ಹೋಗುವ ಹೊತ್ತಿನಲ್ಲೂ ಈ ಹುಡುಗಿ ಅಕ್ಕನ ಹಟದ ಮರ್ಯಾದೆ ಕಾಯುತ್ತಿದ್ದಾಳೆ. ಹಾಳಾಗಿ ಹೋಗಲಿ ಆ ಹಟ.

ಗುಡ್ಡೆ ಮುಗಿಯುವ ಮೊದಲೇ ಅಕ್ಕ ಎದ್ದಳು. ಕಣ್ಣು ಮುಚ್ಚಿ ವಾಲಿದ ತಂಗಿಯನ್ನು ಎತ್ತಿಕೊಂಡು ತಂಪು ಕೋಣೆಯತ್ತ ನಡೆದಳು. ಹಿಂದೆಯೇ ಇಡೀ ಸಾಲು ಎದ್ದಿತು.

ಸೂಪರ್‌ವೈಸರ್ ಬಾಗಿಲಿಗೆ ಅಡ್ಡ ನಿಂತ. "ಬಾಗಿಲು ತೆಗೆದ್ರೆ ಮಾಲು ಕೆಡುತ್ತಮ್ಮ. ಯಜಮಾನ್ರಿಗೆ ನಾನೇನ್ ಹೇಳ್ಲಿ?"

"ಗಡ್ಡೆ ಹೋದ್ರೆ ಇನ್ನೊಂದು ಬೆಳೆ ಬರುತ್ತೆ, ನನ್ನ ತಂಗಿ ಹೋದ್ರೆ ಇನ್ನೊಬ್ಬಳು ಬರಲ್ಲ ಅಂತ ಹೇಳಿ. ಸರೀರಿ ಪಕ್ಕಕ್ಕೆ."

ಅಷ್ಟು ಹೆಂಗಸರನ್ನು ನೋಡಿ ಅವನು ಸರಿದ. ಒಬ್ಬಳು ಆಂಬುಲೆನ್ಸಿಗೆ ಫೋನ್ ಮಾಡಿದಳು. ಉಳಿದವರು ತಂಗಿಯನ್ನು ಒಳಗಿನ ತಂಪಿನಲ್ಲಿ ಗೋಣಿಚೀಲದ ಮೇಲೆ ಮಲಗಿಸಿ, ಸೆರಗು ನೆನೆಸಿ ಮೈ ಒರೆಸಿದರು. ಆಂಬುಲೆನ್ಸ್ ಬರುವಷ್ಟರಲ್ಲಿ ಅವಳು ಕಣ್ಣು ಬಿಟ್ಟು, ಅಕ್ಕನ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗಿನ ಕೂಸು ಒದೆಯಿತು.

"ಗುಡ್ಡೆ?" ಎಂದಳು ತಂಗಿ.

"ಬಿದ್ದಿರ್ಲಿ ಬಿಡು. ಅದಕ್ಕೇನು ಕಾಲು ಬಂದಿದ್ಯಾ, ಓಡಿಹೋಗೋಕೆ?"

ಮರುದಿನ ತಗಡಿನ ಕೆಳಗೆ ಯಾರೂ ಕೂರಲಿಲ್ಲ. ತಂಪು ಕೋಣೆಯ ಮುಂದಿನ ಹಜಾರಕ್ಕೆ ಮಾಲು ತಂದರೆ ಮಾತ್ರ ಆರಿಸುತ್ತೇವೆ ಎಂದರು. ಮಾಲೀಕರು ಕೂಗಾಡಿದರು, ಆಮೇಲೆ ಮಾಲು ತರಿಸಿದರು.

ತಂಗಿ ಹೆತ್ತು, ಬಾಣಂತನ ಮುಗಿಸಿ ಬಂದು ಅದೇ ಹಜಾರದಲ್ಲಿ ಕೂತಿದ್ದಾಳೆ. ಅಕ್ಕನ ಸಾಲಿಗೆ ಈಗಲೂ ದೊಡ್ಡ ಹೆಸರು. ನೀರಿಗೆ ಮೊದಲು ಏಳುವವಳು ಅಕ್ಕನೇ. ಏಳದೆ ಕೂತವರನ್ನು ಕಂಡರೆ ಮೂಗು ಮುರಿಯುತ್ತಾಳೆ.